ಕಾಗದ ನೋಡದ ಕಣ್ಣು: ರೋದಾಂ ಬರೆದ ನಗ್ನಚಿತ್ರಗಳು



ಫ್ರಾನ್ಸಿನ ಶಿಲ್ಪಿ ಒಗುಸ್ತ್ ರೋದಾಂ ಎಂಬ ಹೆಸರನ್ನು ಕೇಳದವರು ಕೂಡ ಆತನ ಒಂದು ಶಿಲ್ಪವನ್ನಾದರೂ ಎಲ್ಲೋ ನೋಡಿಯೇ ಇರುತ್ತಾರೆ. ಗಲ್ಲಕ್ಕೆ ಕೈ ಊರಿ, ಬಂಡೆಯ ಮೇಲೆ ಕುಳಿತು ಯೋಚನೆಯಲ್ಲಿ ಮುಳುಗಿರುವ ಆ ಬೆತ್ತಲೆ ಗಂಡಸು, 'ಚಿಂತಕ', ಪುಸ್ತಕದ ರಕ್ಷಾಪುಟದಿಂದ ಹಿಡಿದು ವ್ಯಂಗ್ಯಚಿತ್ರದವರೆಗೆ ಎಲ್ಲೆಡೆಯೂ ಬಂದು ಕುಳಿತಿದ್ದಾನೆ. ಇಂಗ್ಲಿಷಿನ ದಾರಿಯಲ್ಲಿ ಬಂದ ಹೆಸರಿನಿಂದ ನಮ್ಮಲ್ಲಿ ಅನೇಕರು ಇವನನ್ನು ರೋಡಿನ್ ಎಂದೇ ಕರೆಯುತ್ತಾರೆ. 'ಚುಂಬನ', 'ಕಂಚಿನ ಯುಗ', 'ಕ್ಯಾಲೆಯ ನಾಗರಿಕರು', 'ಬಾಲ್ಜಾಕ್', ಇವೆಲ್ಲ ಆತನಿಗೆ ಜಗತ್ಪ್ರಸಿದ್ಧಿ ತಂದ ಕೃತಿಗಳು. ಆದರೆ ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಕಂಚಿನ ಬಗ್ಗೆಯೂ ಅಲ್ಲ, ಅಮೃತಶಿಲೆಯ ಬಗ್ಗೆಯೂ ಅಲ್ಲ. ರೋದಾಂ ತನ್ನ ಬಾಳಿನ ಕೊನೆಯ ಇಪ್ಪತ್ತು ವರ್ಷಗಳಲ್ಲಿ ಸಾಮಾನ್ಯ ಕಾಗದದ ಹಾಳೆಗಳ ಮೇಲೆ, ಸಾಮಾನ್ಯ ಸೀಸದ ಕಡ್ಡಿಯಿಂದ ಬರೆದು, ತೆಳುವಾದ ಜಲವರ್ಣ ಹರಿಸಿ ಬಿಟ್ಟ ಸಾವಿರಾರು ನಗ್ನಚಿತ್ರಗಳ ಬಗ್ಗೆ.

ಸಾವಿರಾರು ಎಂದದ್ದು ಉತ್ಪ್ರೇಕ್ಷೆಯಲ್ಲ. ರೋದಾಂ ಜೀವಮಾನದಲ್ಲಿ ಬರೆದ ರೇಖಾಚಿತ್ರಗಳ ಸಂಖ್ಯೆ ಹತ್ತು ಸಾವಿರದ ಹತ್ತಿರ ಬರುತ್ತದೆಂದು ಅಂದಾಜು. ಅವುಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಪ್ಯಾರಿಸ್ಸಿನ ರೋದಾಂ ಸಂಗ್ರಹಾಲಯದಲ್ಲಿಯೇ ಇವೆ. ಆದರೂ ಆ ಸಂಗ್ರಹಾಲಯಕ್ಕೆ ಹೋಗಿ ಬಂದವರಲ್ಲಿ ಹೆಚ್ಚಿನವರು ಇವನ್ನು ನೋಡಿರುವುದಿಲ್ಲ. ಇದಕ್ಕೆ ಒಂದು ಕಾರಣ ತೀರ ಲೌಕಿಕವಾದದ್ದು. ಕಂಚು ಬಿಸಿಲಿನಲ್ಲಿ, ಮಳೆಯಲ್ಲಿ ನಿಲ್ಲಬಲ್ಲದು. ಕಾಗದ ಬೆಳಕನ್ನು ತಾಳಲಾರದು. ಜಲವರ್ಣ ಬೆಳಕಿಗೆ ಬಿಟ್ಟಷ್ಟೂ ಮಾಸುತ್ತದೆ. ಆದ್ದರಿಂದ ಇವು ಪೆಟ್ಟಿಗೆಗಳ ಕತ್ತಲೆಯಲ್ಲಿರುತ್ತವೆ. ಕೆಲವು ತಿಂಗಳ ಮಟ್ಟಿಗೆ, ಮಂದ ಬೆಳಕಿನಲ್ಲಿ, ಆಗೊಮ್ಮೆ ಈಗೊಮ್ಮೆ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತವೆ. ಇನ್ನೊಂದು ಕಾರಣ ಅಷ್ಟು ಸರಳವಲ್ಲ. ಅದು ನಮ್ಮ ನಾಚಿಕೆಗೆ, ಸಂಕೋಚಕ್ಕೆ ಸಂಬಂಧಿಸಿದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ರೋದಾಂ ಹುಟ್ಟಿದ್ದು 1840ರ ನವೆಂಬರ್ 12ರಂದು, ಪ್ಯಾರಿಸ್ಸಿನಲ್ಲಿ. ತಂದೆ ಪೊಲೀಸ್ ಇಲಾಖೆಯಲ್ಲಿ ಸಣ್ಣ ನೌಕರ. ಹುಡುಗನಿಗೆ ದೂರದೃಷ್ಟಿ ಮಂದ. ಓದು ಅಷ್ಟಾಗಿ ಹತ್ತಲಿಲ್ಲ. ಚಿತ್ರ ಬರೆಯುವುದೊಂದೇ ಗೀಳು. ಫ್ರಾನ್ಸಿನ ಅತ್ಯುನ್ನತ ಕಲಾಶಾಲೆಗೆ ಮೂರು ಸಲ ಪ್ರವೇಶ ಪರೀಕ್ಷೆಗೆ ಕುಳಿತ. ಮೂರು ಸಲವೂ ಶಿಲ್ಪವಿಭಾಗದವರು ಬೇಡವೆಂದರು. ಹೀಗಾಗಿ ಆತ ಕಲಿತದ್ದು 'ಪುಟ್ಟ ಶಾಲೆ' ಎಂದು ಜನ ಕರೆಯುತ್ತಿದ್ದ, ಅಲಂಕಾರ ಕೆಲಸದ ಕುಶಲಕರ್ಮಿಗಳನ್ನು ತಯಾರು ಮಾಡುವ ಶಾಲೆಯಲ್ಲಿ. ಅಲ್ಲಿ ಒರಾಸ್ ಲಕೋಕ್ ದ ಬುವಾಬೊದ್ರಾಂ ಎಂಬ ವಿಲಕ್ಷಣ ಗುರುವಿದ್ದ. ಆತನ ಪಾಠದ ಕ್ರಮವೇ ಬೇರೆ. ವಿದ್ಯಾರ್ಥಿ ಒಂದು ವಸ್ತುವನ್ನು ಚೆನ್ನಾಗಿ ನೋಡಬೇಕು, ಅದನ್ನು ಮನಸ್ಸಿನಲ್ಲಿ ಹೊತ್ತು ತರಬೇಕು, ನೋಡಿದ್ದನ್ನು ಆಮೇಲೆ ನೆನಪಿನಿಂದ ಬರೆಯಬೇಕು. ಲೂವ್ರ್ ಸಂಗ್ರಹಾಲಯದಲ್ಲಿ ಕಂಡದ್ದನ್ನು ಶಾಲೆಗೆ ಬಂದು ಬರೆಯಬೇಕು. ಕೈಗಿಂತ ಮೊದಲು ಕಣ್ಣು ಪಳಗಬೇಕೆಂಬುದು ಅವನ ನಂಬಿಕೆ. ಸುಮಾರು ನಲವತ್ತು ವರ್ಷಗಳ ಬಳಿಕ ರೋದಾಂ ತನ್ನ ಚಿತ್ರಗಳಲ್ಲಿ ಮಾಡಿದ ಸಾಹಸದ ಬೀಜ ಇಲ್ಲಿದೆ.

ನಡುವೆ ಬಹಳ ಆಯಿತು. ಇತರರ ಕಾರ್ಯಾಗಾರಗಳಲ್ಲಿ ಕೂಲಿಗಾಗಿ ದುಡಿದದ್ದು, 1875-76ರಲ್ಲಿ ಇಟಲಿಗೆ ಹೋಗಿ ಮೈಕೆಲೆಂಜೆಲೊನನ್ನು ಕಂಡದ್ದು, 1877ರಲ್ಲಿ 'ಕಂಚಿನ ಯುಗ' ಪ್ರದರ್ಶನಗೊಂಡಾಗ, ಅದು ಕೈಯಿಂದ ಮಾಡಿದ ಶಿಲ್ಪವೇ ಅಲ್ಲ, ಬದುಕಿದ್ದ ಮನುಷ್ಯನ ಮೈಮೇಲೆಯೇ ಅಚ್ಚು ತೆಗೆದದ್ದು ಎಂಬ ಅಪವಾದ ಕೇಳಬೇಕಾಗಿ ಬಂದದ್ದು. 1880ರಲ್ಲಿ ಸರ್ಕಾರ ಒಂದು ದೊಡ್ಡ ಬಾಗಿಲಿನ ಕೆಲಸ ಒಪ್ಪಿಸಿತು. ಅದೇ 'ನರಕದ ದ್ವಾರ'. ಅದಕ್ಕಾಗಿ ರೋದಾಂ ಇಟಲಿಯ ಮಹಾಕವಿ ದಾಂತೆಯ ಕಾವ್ಯವನ್ನು ಹಿಡಿದು ಕುಳಿತ. ಅದರೊಳಗಿನ ಪಾಪಿಗಳು, ಪ್ರೇತಗಳು, ಪ್ರೇಮಿಗಳನ್ನು ಚಿತ್ರಗಳಲ್ಲಿ ಬರೆದ. ಮಸಿ, ಬಿಳಿಬಣ್ಣ, ಊದಾಬಣ್ಣಗಳನ್ನು ಒಂದರ ಮೇಲೊಂದು ಹೇರಿ ಬರೆದ ಇವನ್ನು ವಿದ್ವಾಂಸರು 'ಕಪ್ಪು ಚಿತ್ರಗಳು' ಎನ್ನುತ್ತಾರೆ. 1897ರಲ್ಲಿ ಇಂಥ 142 ಚಿತ್ರಗಳ ಸಂಪುಟವೊಂದು ಲೇಖಕ ಒಕ್ತಾವ್ ಮಿರ್ಬೊನ ಮುನ್ನುಡಿಯೊಂದಿಗೆ ಹೊರಬಂತು. ಅವೆಲ್ಲ ಕಲ್ಪನೆಯಿಂದ ಬರೆದವು. ಎದುರಿಗೆ ಮನುಷ್ಯನನ್ನು ಕೂರಿಸಿಕೊಂಡು ಬರೆದವಲ್ಲ. ನಿಜಜೀವನಕ್ಕೆ ಇವು ದೂರವಾದವೆಂಬ ಅತೃಪ್ತಿ ರೋದಾಂನಿಗೇ ಇತ್ತು.

ಆ ಸಂಪುಟ ಹೊರಬರುವ ಹೊತ್ತಿಗೆ ಚಿತ್ರಕಾರ ರೋದಾಂ ಬದಲಾಗಿಬಿಟ್ಟಿದ್ದ. 1890ರ ದಶಕದ ನಡುವಿನಿಂದ ಆತನ ಹಾಳೆಗಳಲ್ಲಿ ಕತ್ತಲೆ ಹೋಗಿ ಬೆಳಕು ಬಂತು. ಪುರಾಣ ಹೋಗಿ ಮೈ ಬಂತು. ಆಗ ಆತನಿಗೆ ಐವತ್ತೈದು ದಾಟಿತ್ತು. ಹೆಸರಿತ್ತು, ಹಣವಿತ್ತು, ಕಲಾಶಾಲೆಯಲ್ಲಿ ಮಾಡುವಂತೆ ಗಂಟೆಯ ಲೆಕ್ಕದಲ್ಲಿ ಒಂದೇ ಭಂಗಿಯಲ್ಲಿ ರೂಪದರ್ಶಿಯನ್ನು ನಿಲ್ಲಿಸುವ ಅಗತ್ಯ ಆತನಿಗೆ ಇರಲಿಲ್ಲ. ರೂಪದರ್ಶಿಗಳು ಕಾರ್ಯಾಗಾರದಲ್ಲಿ ಬೆತ್ತಲೆಯಾಗಿ ತಮ್ಮಷ್ಟಕ್ಕೆ ಓಡಾಡುತ್ತಿದ್ದರು. ಏಳುವುದು, ಮಲಗುವುದು, ಕೂದಲು ಬಾಚುವುದು, ಬಾಗಿ ಪಾದ ಮುಟ್ಟುವುದು, ಬಟ್ಟೆ ಕಳಚುವುದು, ಮೈಮುರಿಯುವುದು, ಆಯಾಸವಾದರೆ ಹಾಗೆಯೇ ಒರಗುವುದು. ರೋದಾಂ ನೋಡುತ್ತಿದ್ದ. ಮನಸೆಳೆಯುವ ಚಲನೆಯೊಂದು ಕಂಡಾಗ ಕಡ್ಡಿ ಓಡುತ್ತಿತ್ತು.

ಇಲ್ಲಿಯೇ ಇರುವುದು ವಿಶೇಷ. ಬರೆಯುವಾಗ ಆತ ಕಾಗದ ನೋಡುತ್ತಿರಲಿಲ್ಲ. ಕಣ್ಣು ರೂಪದರ್ಶಿಯ ಮೇಲೆ, ಕೈ ಕಾಗದದ ಮೇಲೆ. ಎರಡರ ನಡುವೆ ತಪಾಸಣೆ ಇಲ್ಲ. ಒಂದು ಚಿತ್ರಕ್ಕೆ ಕೆಲವೇ ಕ್ಷಣ. ಮುಗಿಯಿತೆಂದರೆ ಹಾಳೆ ನೆಲಕ್ಕೆ, ಮುಂದಿನ ಹಾಳೆ ಕೈಗೆ. ಹೀಗೆ ಬರೆದಾಗ ಏನಾಗುತ್ತದೆ ಎಂಬುದನ್ನು ಯಾರು ಬೇಕಾದರೂ ಮನೆಯಲ್ಲಿ ಕುಳಿತು ಪರೀಕ್ಷಿಸಬಹುದು. ಕೈ ಎಲ್ಲೋ ಹೋಗುತ್ತದೆ, ತೋಳು ಉದ್ದವಾಗುತ್ತದೆ, ತಲೆ ಹಾಳೆಯ ಅಂಚನ್ನು ದಾಟಿ ಹೊರಗುಳಿಯುತ್ತದೆ, ಪಾದಕ್ಕೆ ಜಾಗವೇ ಉಳಿಯುವುದಿಲ್ಲ. ರೋದಾಂನ ಹಾಳೆಗಳಲ್ಲಿಯೂ ಇದೆಲ್ಲ ಆಗಿದೆ. ಒಂದೇ ಸೊಂಟಕ್ಕೆ ಮೂರು ರೇಖೆಗಳು, ಒಂದೇ ಮೊಣಕಾಲಿಗೆ ಎರಡು. ಆತ ಅಳಿಸಲಿಲ್ಲ. ಅಳಿಸದೆ ಬಿಟ್ಟ ಆ ರೇಖೆಗಳೇ ಮೈ ಅಲುಗಿದ ಅನುಭವ ಕೊಡುತ್ತವೆ. ಶಿಲ್ಪಿಯ ಕೈ ಮೂವತ್ತು ನಲವತ್ತು ವರ್ಷ ಮಣ್ಣನ್ನು ಮುಟ್ಟಿ ಮನುಷ್ಯನ ಮೈ ಏನೆಂದು ಬಲ್ಲ ಕೈ. ಅದಕ್ಕೆ ಕಣ್ಣಿನ ಕಾವಲು ಬೇಕಿರಲಿಲ್ಲ. ಕಣ್ಣು ಕಂಡದ್ದನ್ನು ಕೈ ಎಷ್ಟರಮಟ್ಟಿಗೆ ಅರಿತುಕೊಂಡಿದೆ ಎಂಬ ಪರೀಕ್ಷೆಯನ್ನು ಆತ ಪ್ರತಿ ಹಾಳೆಯಲ್ಲೂ ತನಗೆ ತಾನೇ ಒಡ್ಡಿಕೊಳ್ಳುತ್ತಿದ್ದ.

ಎರಡನೆಯ ಹಂತ ನಿಧಾನದ್ದು. ಬರೆದ ಹಾಳೆಗಳಲ್ಲಿ ಮೆಚ್ಚಿಗೆಯಾದದ್ದನ್ನು ಆರಿಸಿ, ಅದರ ಮೇಲೆ ಇನ್ನೊಂದು ಹಾಳೆ ಇಟ್ಟು, ಬೆಳಕಿಗೆ ಹಿಡಿದು ರೇಖೆಯನ್ನು ಮತ್ತೆ ತೆಗೆಯುತ್ತಿದ್ದ. ಈ ಸಲ ಬೇಡದ್ದನ್ನು ಬಿಡುತ್ತಿದ್ದ. ಹತ್ತು ರೇಖೆಗಳಿದ್ದಲ್ಲಿ ಒಂದು ಉಳಿಯುತ್ತಿತ್ತು. ಆಮೇಲೆ ನೀರು ಹೆಚ್ಚಾಗಿ ಬೆರೆಸಿದ ಬಣ್ಣ. ಬಹುಮಟ್ಟಿಗೆ ಮೈಬಣ್ಣಕ್ಕೆ ಹತ್ತಿರದ ಕಾವಿ ಅಥವಾ ನಸುಗೆಂಪು, ಕೂದಲಿಗೆ ಒಂದಿಷ್ಟು ಗಾಢ, ಬಟ್ಟೆಯಿದ್ದರೆ ನೀಲಿಯೋ ಹಸಿರೋ. ಬಣ್ಣ ರೇಖೆಯ ಒಳಗೆ ಅಚ್ಚುಕಟ್ಟಾಗಿ ನಿಲ್ಲುವುದಿಲ್ಲ; ಗೆರೆ ದಾಟಿ ಹರಿಯುತ್ತದೆ, ಕೆಲವೆಡೆ ಗೆರೆಯನ್ನು ಮುಟ್ಟುವುದೇ ಇಲ್ಲ. ಮೊದಲ ನೋಟಕ್ಕೆ ಅಜಾಗರೂಕತೆ ಎನಿಸುತ್ತದೆ. ನೋಡುತ್ತ ನಿಂತರೆ, ರೇಖೆ ಒಂದು ಮಾತು ಹೇಳುತ್ತಿದೆ, ಬಣ್ಣ ಇನ್ನೊಂದು ಹೇಳುತ್ತಿದೆ ಎಂಬುದು ತಿಳಿಯುತ್ತದೆ. ರೇಖೆ ಮೈಯ ಅಂಚು. ಬಣ್ಣ ಮೈಯ ಬಿಸುಪು. ಇವೆರಡೂ ಒಂದೇ ಕಡೆ ಮುಗಿಯುವುದಿಲ್ಲ.

ಇಷ್ಟಕ್ಕೂ ನಿಲ್ಲದೆ ಆತ ಹಾಳೆಯನ್ನು ತಿರುಗಿಸಿ ನೋಡುತ್ತಿದ್ದ. ಮಲಗಿದ ಹೆಂಗಸಿನ ಚಿತ್ರವನ್ನು ನಿಲ್ಲಿಸಿದರೆ ಆಕೆ ಗಾಳಿಯಲ್ಲಿ ತೇಲುತ್ತಾಳೆ. ಬಾಗಿದವಳನ್ನು ಅಡ್ಡ ಮಾಡಿದರೆ ನೀರಿನಲ್ಲಿ ಈಜುತ್ತಾಳೆ. ಹಾಗೆ ತಿರುಗಿಸಿದ ಮೇಲೆ ಕೆಳಭಾಗ ಯಾವುದೆಂದು ತಿಳಿಯಲು ಅಂಚಿನಲ್ಲಿ 'ಕೆಳಗೆ' ಎಂದು ತನ್ನ ಭಾಷೆಯಲ್ಲಿ ಬರೆದಿಡುತ್ತಿದ್ದ. ಕೆಲವಕ್ಕೆ ಹೆಸರೂ ಇದೆ. ಮಂಡಿಯೂರಿ ತೋಳು ಮೇಲೆತ್ತಿದ ಹೆಣ್ಣಿನ ಮೈಯಲ್ಲಿ ಹೂಜಿಯ ಆಕಾರ ಕಂಡು 'ಹೂಜಿ' ಎಂದು ಬರೆದ. ಇನ್ನೊಂದಕ್ಕೆ 'ಸೃಷ್ಟಿಗೆ ಮೊದಲು' ಎಂದು ಹೆಸರಿಟ್ಟ. ಸೈಕಿ, ಸಲೋಮಿ, ವೀನಸ್, ಹೀಗೆ ಪುರಾಣದ ಹೆಸರುಗಳೂ ಬಂದವು. ಆದರೆ ಚಿತ್ರ ಮುಗಿದ ಮೇಲೆ ಬಂದವು. ಮೊದಲು ಮೈ, ಆಮೇಲೆ ಹೆಸರು. ಕೆಲವು ಆಕೃತಿಗಳನ್ನಂತೂ ಕತ್ತರಿಯಿಂದ ಹೊರಗೆರೆಯ ಉದ್ದಕ್ಕೂ ಕತ್ತರಿಸಿ ತೆಗೆದು, ಒಂದರ ಪಕ್ಕ ಒಂದಿಟ್ಟು ಜೋಡಿ ಮಾಡಿ ನೋಡಿದ. ಕಾಗದವನ್ನೂ ಆತ ಶಿಲ್ಪಿಯಂತೆಯೇ ಬಳಸಿದ ಎನ್ನಬೇಕು. ಈ ಕತ್ತರಿಸಿದ ಆಕೃತಿಗಳಿಗಾಗಿಯೇ ಪ್ಯಾರಿಸ್ಸಿನ ಸಂಗ್ರಹಾಲಯ 2018ರಲ್ಲಿ ಒಂದು ಪ್ರತ್ಯೇಕ ಪ್ರದರ್ಶನವನ್ನು ಏರ್ಪಡಿಸಿತ್ತು. ಆಧುನಿಕ ಚಿತ್ರಕಾರ ಮಾತೀಸ್ ತನ್ನ ಮುಪ್ಪಿನಲ್ಲಿ, 1940ರ ದಶಕದಲ್ಲಿ, ಬಣ್ಣದ ಕಾಗದ ಕತ್ತರಿಸಿ ಮಾಡಿದ ಚಿತ್ರಗಳು ಪ್ರಸಿದ್ಧ. ರೋದಾಂ ಅದಕ್ಕೂ ಬಹಳ ಮೊದಲೇ ಕತ್ತರಿ ಹಿಡಿದಿದ್ದ.

ಈಗ ನೇರವಾಗಿ ಮಾತನಾಡೋಣ. ಈ ಚಿತ್ರಗಳಲ್ಲಿ ಏನಿದೆ? ನಗ್ನ ಸ್ತ್ರೀಯರಿದ್ದಾರೆ. ಕೆಲವರು ನರ್ತಿಸುತ್ತಾರೆ, ಕೆಲವರು ಮಲಗಿದ್ದಾರೆ, ಕೆಲವು ಹಾಳೆಗಳಲ್ಲಿ ಇಬ್ಬರು ಹೆಂಗಸರು ಪರಸ್ಪರ ಅಪ್ಪಿಕೊಂಡಿದ್ದಾರೆ. ಕೆಲವು ಚಿತ್ರಗಳಲ್ಲಿ ಹೆಣ್ಣಿನ ಮೈಯ ಯಾವ ಭಾಗವೂ ಮರೆಯಾಗಿಲ್ಲ. ಆಕೆಯ ಸ್ವಂತ ಸುಖದ ಕ್ಷಣವನ್ನೇ ಬರೆದವೂ ಇವೆ. ಅತ್ಯಂತ ಮುಕ್ತವಾದ ನೂರಕ್ಕೂ ಹೆಚ್ಚು ಹಾಳೆಗಳು ಬೇರೆಯೇ ಕಟ್ಟಿನಲ್ಲಿ, 'ಗುಪ್ತ ಸಂಗ್ರಹಾಲಯ' ಎಂಬ ಹೆಸರಿನಲ್ಲಿ ಇದ್ದವು. ಇಂಥವನ್ನು ಬರೆದದ್ದು ರೋದಾಂ ಒಬ್ಬನೇ ಅಲ್ಲ. ಜಪಾನಿನ ಶೃಂಗಾರ ಮುದ್ರಣಚಿತ್ರಗಳು ಆಗ ಪ್ಯಾರಿಸ್ಸಿನ ಸಂಗ್ರಾಹಕರ ಮನೆಗಳಲ್ಲಿದ್ದವು. 1887ರಲ್ಲಿ ರೋದಾಂ ಅವನ್ನು ನೋಡಲು ಬಯಸಿ ತನ್ನ ಮನೆಗೆ ಬಂದದ್ದನ್ನು ಲೇಖಕ ಎದ್ಮೊಂ ದ ಗೊಂಕೂರ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆದರೆ ರೋದಾಂ ತನ್ನ ಚಿತ್ರಗಳನ್ನು ಬೀರುವಿನಲ್ಲಿ ಅಡಗಿಸಿಟ್ಟು ಸುಮ್ಮನಾಗಲಿಲ್ಲ. 1900ರಲ್ಲಿ ಪ್ಯಾರಿಸ್ಸಿನ ಅಲ್ಮಾ ಚೌಕದ ಬಳಿ ತನ್ನದೇ ಮಂಟಪ ಕಟ್ಟಿಸಿ ಪ್ರದರ್ಶನ ಮಾಡಿದಾಗ ಶಿಲ್ಪಗಳ ಜೊತೆ ಚಿತ್ರಗಳನ್ನೂ ಇಟ್ಟ. 1902ರಲ್ಲಿ ಪ್ರಾಗ್ ನಗರದಲ್ಲಿ ಇಟ್ಟ. ತನ್ನ ಚಿತ್ರಗಳೇ ತನ್ನ ಇಡೀ ಕೆಲಸಕ್ಕೆ ಕೀಲಿಕೈ ಎಂದು 1910ರಲ್ಲಿ ಬಹಿರಂಗವಾಗಿ ಹೇಳಿದ.

ಹಾಗೆ ಹೇಳಿದ್ದಕ್ಕೆ ಬೆಲೆ ತೆರಬೇಕಾಯಿತು. ಕೆಲವೊಮ್ಮೆ ಬೇರೆಯವರೂ ತೆತ್ತರು.

1906ರ ಆರಂಭದಲ್ಲಿ ಜರ್ಮನಿಯ ವೈಮಾರ್ ನಗರದ ಸಂಗ್ರಹಾಲಯದಲ್ಲಿ ರೋದಾಂನ ಜಲವರ್ಣ ಚಿತ್ರಗಳ ಪ್ರದರ್ಶನ ನಡೆಯಿತು. ಅಲ್ಲಿಯ ನಿರ್ದೇಶಕ ಹ್ಯಾರಿ ಕೆಸ್ಲರ್. ಹೊಸ ಕಲೆಯನ್ನು ಆ ಹಳೆಯ ಊರಿಗೆ ತರಬೇಕೆಂಬ ಹುಮ್ಮಸ್ಸಿನವನು. ರೋದಾಂ ಚಿತ್ರಗಳನ್ನು ಕಾಣಿಕೆಯಾಗಿ ಕಳಿಸಿದ್ದ. ಅವುಗಳಲ್ಲೊಂದು, ಕುಕ್ಕರುಗಾಲಿನಲ್ಲಿ ಕುಳಿತ ನಗ್ನ ಸ್ತ್ರೀಯನ್ನು ಹಿಂಬದಿಯಿಂದ ಬರೆದದ್ದು. ಅದರ ಮೇಲೆಯೇ ಅಲ್ಲಿಯ ಅರಸನಾದ ಗ್ರ್ಯಾಂಡ್ ಡ್ಯೂಕನಿಗೆ ಅರ್ಪಣೆಯ ಸಾಲು. ಸ್ಥಳೀಯ ಚಿತ್ರಕಾರನೊಬ್ಬ ಪತ್ರಿಕೆಗೆ ಬರೆದು, ಇದು ಅರಸನಿಗೂ ಊರಿಗೂ ಮಾಡಿದ ಅವಮಾನ, ಹೆಣ್ಣುಮಕ್ಕಳು ಆ ಕಡೆ ಹೋಗಬಾರದು ಎಂಬ ಕೂಗೆಬ್ಬಿಸಿದ. ಗಲಾಟೆ ಬೆಳೆಯಿತು. ಕೆಸ್ಲರ್ ಅದೇ ವರ್ಷ ಜುಲೈನಲ್ಲಿ ರಾಜೀನಾಮೆ ಕೊಡಬೇಕಾಯಿತು. ಒಂದು ಹಾಳೆ ಕಾಗದ ಒಂದು ಊರಿನ ಕಲಾಜೀವನದ ದಿಕ್ಕನ್ನೇ ಬದಲಿಸಿತು. ಕಾಣಿಕೆ ಕಳಿಸಿದ ರೋದಾಂ ದೂರದ ಪ್ಯಾರಿಸ್ಸಿನಲ್ಲಿ ಸುರಕ್ಷಿತವಾಗಿದ್ದ. ಕೆಲಸ ಕಳೆದುಕೊಂಡವನು ಅದನ್ನು ಗೋಡೆಗೆ ತೂಗುಹಾಕಿದವನು.

1908ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಛಾಯಾಗ್ರಾಹಕರಾದ ಸ್ಟೈಕನ್ ಮತ್ತು ಸ್ಟಿಗ್ಲಿಟ್ಸ್ ತಮ್ಮ ಪುಟ್ಟ ಚಿತ್ರಶಾಲೆಯಲ್ಲಿ 58 ಚಿತ್ರಗಳನ್ನು ಪ್ರದರ್ಶಿಸಿದರು. ನೋಡಲು ಬಂದ ವಿದ್ಯಾರ್ಥಿಗಳಲ್ಲಿ ಜಾರ್ಜಿಯಾ ಓಕೀಫ್ ಎಂಬ ತರುಣಿಯೂ ಇದ್ದಳು. ಆಗ ಆಕೆಗೆ ಅವು ಬರಿಯ ಗೀಚುಗಳಾಗಿ ಕಂಡವು. ಮುಂದೆ ಅಮೆರಿಕದ ಹೆಸರಾಂತ ಚಿತ್ರಕಾರ್ತಿಯಾದ ಅದೇ ಓಕೀಫ್ 1917ರಲ್ಲಿ ಬರೆದ ನಗ್ನ ಜಲವರ್ಣಗಳನ್ನು ನೋಡಿದವರಿಗೆ ರೋದಾಂನ ನೆನಪಾಗದೆ ಇರದು. ಗೀಚು ಎಂದು ತಳ್ಳಿದ್ದು ಕಣ್ಣಿನಲ್ಲಿ ಕೂತು ಕೆಲಸ ಮಾಡುತ್ತಲೇ ಇರುತ್ತದೆ.

1912ರ ಮೇ ತಿಂಗಳಲ್ಲಿ ಮತ್ತೊಂದು ರಂಪ. ರಷ್ಯದ ನರ್ತಕ ನಿಜಿನ್ಸ್ಕಿಯ ನೃತ್ಯವೊಂದು ಅಶ್ಲೀಲವೆಂದು 'ಲ ಫಿಗಾರೊ' ಪತ್ರಿಕೆಯ ಸಂಪಾದಕ ಕಾಲ್ಮೆತ್ ಹರಿಹಾಯ್ದ. ರೋದಾಂನ ಹೆಸರಿನಲ್ಲಿ ಇನ್ನೊಂದು ಪತ್ರಿಕೆಯಲ್ಲಿ ನರ್ತಕನ ಪರವಾದ ಲೇಖನ ಬಂತು. ಕಾಲ್ಮೆತ್ ಅದಕ್ಕೆ ಉತ್ತರವಾಗಿ ರೋದಾಂನ ಮೇಲೆಯೇ ತಿರುಗಿಬಿದ್ದ. ಆಗ ರೋದಾಂ ಕೆಲಸ ಮಾಡುತ್ತಿದ್ದದ್ದು ಓತೆಲ್ ಬಿರೋಂ ಎಂಬ ಭವನದಲ್ಲಿ. ಕೆಲವೇ ವರ್ಷಗಳ ಹಿಂದೆ ಅದು ಕ್ರೈಸ್ತ ಸನ್ಯಾಸಿನಿಯರ ಮಠವೂ ಶಾಲೆಯೂ ಆಗಿತ್ತು; ಸರ್ಕಾರ ಅದನ್ನು ವಶಪಡಿಸಿಕೊಂಡಿತ್ತು. ಸನ್ಯಾಸಿನಿಯರು ಪ್ರಾರ್ಥನೆ ಮಾಡುತ್ತಿದ್ದಲ್ಲಿ ಇಂಥ ಚಿತ್ರಗಳನ್ನು ತೂಗುಹಾಕಲು ಸರ್ಕಾರದ ಹಣವೇ ಎಂಬುದು ಕಾಲ್ಮೆತ್‌ನ ಪ್ರಶ್ನೆ. 1916ರಲ್ಲಿ ರೋದಾಂ ತನ್ನ ಎಲ್ಲ ಕೃತಿಗಳನ್ನೂ ಸಂಗ್ರಹಗಳನ್ನೂ ದೇಶಕ್ಕೆ ದಾನ ಕೊಡಲು ಮುಂದಾದಾಗ, ಅದೇ ಭವನವನ್ನು ಸಂಗ್ರಹಾಲಯ ಮಾಡಬೇಕೆಂದು ಕೇಳಿದಾಗ, ಸಂಸತ್ತಿನಲ್ಲಿ ಇದೇ ಆಕ್ಷೇಪ ಮತ್ತೆ ಎದ್ದಿತು. ಅತ್ತ ವರ್ದ್ಯಾಂನಲ್ಲಿ ಮಹಾಯುದ್ಧದ ಘೋರ ಕಾಳಗ. ಇತ್ತ ಸಂಸತ್ತಿನಲ್ಲಿ ಒಬ್ಬ ಮುದುಕ ಶಿಲ್ಪಿಯ ಚಿತ್ರಗಳ ಮೇಲೆ ಚರ್ಚೆ. ಕೊನೆಗೆ 1916ರ ಡಿಸೆಂಬರಿನಲ್ಲಿ ದಾನ ಸ್ವೀಕಾರವಾಯಿತು. 1917ರ ನವೆಂಬರ್ 17ರಂದು ರೋದಾಂ ತೀರಿಕೊಂಡ. ಸಂಗ್ರಹಾಲಯದ ಬಾಗಿಲು ತೆರೆದದ್ದು 1919ರಲ್ಲಿ.

ಈ ಪ್ರಸಂಗಗಳನ್ನು ಕೇಳಿ ನಾವು ಎರಡು ಸುಲಭವಾದ ತೀರ್ಮಾನಗಳಿಗೆ ಬರಬಹುದು. ಆಕ್ಷೇಪಿಸಿದವರೆಲ್ಲ ಅರಸಿಕರು ಎನ್ನುವುದು ಒಂದು. ಇದು ಮುದುಕನೊಬ್ಬನ ಚಪಲ, ಕಲೆಯ ಹೆಸರಿನಲ್ಲಿ ಮಾನ್ಯವಾಯಿತು ಎನ್ನುವುದು ಇನ್ನೊಂದು. ಎರಡೂ ನಮ್ಮನ್ನು ನೋಡುವ ಕಷ್ಟದಿಂದ ಪಾರುಮಾಡುತ್ತವೆ. ಆದ್ದರಿಂದಲೇ ಎರಡನ್ನೂ ಅನುಮಾನಿಸಬೇಕು.

ಚಿತ್ರಗಳನ್ನು ಮೆಚ್ಚುವವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: ಇಲ್ಲಿ ಕಾಮವಿಲ್ಲ, ಶುದ್ಧ ಸೌಂದರ್ಯ ಮಾತ್ರವಿದೆ ಎಂದು. ನನಗೆ ಈ ಸಮರ್ಥನೆ ಒಪ್ಪಿಗೆಯಿಲ್ಲ. ಕಾಮ ಇಲ್ಲಿ ಇದೆ. ಅದನ್ನು ಇಲ್ಲವೆನ್ನುವುದು ಚಿತ್ರಗಳಿಗೆ ಮಾಡುವ ಉಪಕಾರವಲ್ಲ. ನಮ್ಮ ಅಲಂಕಾರಶಾಸ್ತ್ರ ಶೃಂಗಾರವನ್ನು ಒಂಬತ್ತು ರಸಗಳಲ್ಲಿ ಮೊದಲಿಗಿಟ್ಟಿದೆ. ಅದರ ಸ್ಥಾಯಿಭಾವ ರತಿ ಎಂದು ಸಂಕೋಚವಿಲ್ಲದೆ ಹೇಳಿದೆ. ಭಾವ ಇದೆಯೇ ಇಲ್ಲವೇ ಎಂಬುದು ಶಾಸ್ತ್ರದ ಪ್ರಶ್ನೆಯಲ್ಲ. ಅದು ರಸವಾಯಿತೇ ಇಲ್ಲವೇ ಎಂಬುದು. ನೋಡುವವನ ಸ್ವಂತ ಹಸಿವಾಗಿ ಉಳಿದರೆ ಅದು ಭಾವ. ಆ ಹಸಿವನ್ನು ದಾಟಿ ಎದುರಿನ ಜೀವದ ಅರಿವಾದರೆ ರಸ. ರೋದಾಂನ ಒಳ್ಳೆಯ ಹಾಳೆಗಳಲ್ಲಿ ಈ ದಾಟುವಿಕೆ ನಡೆಯುತ್ತದೆ. ಹೆಣ್ಣು ಅಲ್ಲಿ ನೋಡುಗನಿಗೆ ತನ್ನನ್ನು ಒಪ್ಪಿಸಿಕೊಂಡು ನಗುತ್ತಿಲ್ಲ. ಆ ಕಾಲದ ಪ್ರದರ್ಶನಗಳಲ್ಲಿ ಬಹುಮಾನ ಪಡೆಯುತ್ತಿದ್ದ ನಯವಾದ ನಗ್ನದೇವತೆಗಳು ಹಾಗೆ ನಗುತ್ತಿದ್ದರು. ಅವನ್ನು ಯಾರೂ ಅಶ್ಲೀಲವೆನ್ನಲಿಲ್ಲ. ರೋದಾಂನ ಹೆಂಗಸು ತನ್ನ ಕೆಲಸದಲ್ಲಿ, ತನ್ನ ಆಯಾಸದಲ್ಲಿ, ತನ್ನ ಸುಖದಲ್ಲಿ ಮುಳುಗಿದ್ದಾಳೆ. ಅನೇಕ ಸಲ ಮುಖವೇ ಸರಿಯಾಗಿ ಕಾಣುವುದಿಲ್ಲ. ದಪ್ಪಗಿನವರಿದ್ದಾರೆ, ಬಡಕಲು ಮೈಯವರಿದ್ದಾರೆ, ಹೊಟ್ಟೆ ಜೋತವರಿದ್ದಾರೆ. ಮೈ ಅಲ್ಲಿ ಅಲಂಕಾರವಲ್ಲ, ಅದು ಬದುಕುತ್ತಿರುವ ವಸ್ತು.

ಎಲ್ಲ ಹಾಳೆಗಳೂ ಹೀಗಲ್ಲ ಎಂಬುದನ್ನೂ ಹೇಳಬೇಕು. ಕೆಲವಲ್ಲಿ ರೇಖೆ ಸೋಮಾರಿಯಾಗಿದೆ, ಕಣ್ಣು ಒಂದೇ ಕಡೆ ಅಂಟಿಕೊಂಡಿದೆ. ಸಾವಿರಾರು ಬರೆದವನ ಕೈಯಲ್ಲಿ ಅಭ್ಯಾಸಬಲವೂ ಇರುತ್ತದೆ.

ಇನ್ನು ಎರಡನೆಯ ಆಕ್ಷೇಪ. ಇದು ಹಳೆಯ ನೀತಿವಾದಿಗಳದಲ್ಲ; ಇತ್ತೀಚಿನ ಸ್ತ್ರೀವಾದಿ ವಿಮರ್ಶಕರದು, ಮತ್ತು ಹೆಚ್ಚು ಗಟ್ಟಿಯಾದದ್ದು. ನೋಡುವವನು ಪ್ರಸಿದ್ಧ, ಸಿರಿವಂತ, ವಯಸ್ಸಾದ ಗಂಡಸು. ನೋಡಿಸಿಕೊಳ್ಳುವವಳು ದಿನದ ಕೂಲಿಗೆ ಬಂದ ಹೆಂಗಸು. ಆತನ ಹೆಸರು ಪ್ರತಿ ಹಾಳೆಯ ಮೇಲಿದೆ. ಆಕೆಯ ಹೆಸರು ಬಹುತೇಕ ಎಲ್ಲಿಯೂ ಇಲ್ಲ. ಸ್ವತಂತ್ರವಾಗಿ ಓಡಾಡು ಎಂದು ಹೇಳಿದವನೂ ಆತನೇ, ಕೂಲಿ ಕೊಟ್ಟವನೂ ಆತನೇ. ಹಾಗಿದ್ದ ಮೇಲೆ ಆ ಸ್ವಾತಂತ್ರ್ಯದ ಬೆಲೆ ಎಷ್ಟು?

ಈ ಪ್ರಶ್ನೆಗೆ ಮುಖ ಕೊಡಲು ಒಬ್ಬಳ ಕಥೆ ಸಾಕು. ವೇಲ್ಸ್ ಪ್ರಾಂತದಲ್ಲಿ 1876ರಲ್ಲಿ ಹುಟ್ಟಿದ ಗ್ವೆನ್ ಜಾನ್ ಸ್ವತಃ ಚಿತ್ರಕಾರ್ತಿ. ಪ್ಯಾರಿಸ್ಸಿನಲ್ಲಿ ಬದುಕಲು ರೂಪದರ್ಶಿಯ ಕೆಲಸ ಮಾಡುತ್ತಿದ್ದಳು. 1904ರಲ್ಲಿ ರೋದಾಂನ ಬಳಿ ಬಂದಳು. ಚಿತ್ರಕಾರ ವಿಸ್ಲರ್‌ನ ಸ್ಮಾರಕಕ್ಕಾಗಿ ರೋದಾಂ ಮಾಡುತ್ತಿದ್ದ ಶಿಲ್ಪಕ್ಕೆ ಬೆತ್ತಲೆಯಾಗಿ ನಿಂತವಳು ಈಕೆಯೇ. ಆತನಿಗೆ ಅರವತ್ತು ದಾಟಿತ್ತು, ಈಕೆಗೆ ಮೂವತ್ತು ತುಂಬಿರಲಿಲ್ಲ. ಆಕೆ ಆತನನ್ನು ಪ್ರೀತಿಸಿದಳು. ಆತ ಬರಬಹುದೆಂದು ಕೋಣೆ ಒಪ್ಪವಾಗಿಟ್ಟು ಕಾದಳು. ವರ್ಷಗಳ ಕಾಲ ಸುಮಾರು ಎರಡು ಸಾವಿರ ಪತ್ರ ಬರೆದಳು. ಅವೆಲ್ಲ ಈಗ ರೋದಾಂ ಸಂಗ್ರಹಾಲಯದ ಕಡತದಲ್ಲಿವೆ. ರೋದಾಂ ಹಣಸಹಾಯ ಮಾಡಿದ, ಚಿತ್ರ ಬರೆಯುವುದನ್ನು ಬಿಡಬೇಡವೆಂದ, ಕ್ರಮೇಣ ದೂರವಾದ. ಗ್ವೆನ್ ಜಾನ್ ತಾನು ಬರೆದದ್ದು ಬಹುಮಟ್ಟಿಗೆ ಕೋಣೆಯಲ್ಲಿ ಒಂಟಿಯಾಗಿ ಕುಳಿತ ಹೆಂಗಸರನ್ನು. ಮಂದವಾದ ಬಣ್ಣ, ಶಾಂತವಾದ ಕೈ. 1939ರಲ್ಲಿ ಆಕೆ ಸತ್ತಾಗ ಬಲ್ಲವರು ಕೆಲವರೇ. ಈಗ ಇಪ್ಪತ್ತನೆಯ ಶತಮಾನದ ಬ್ರಿಟಿಷ್ ಕಲೆಯಲ್ಲಿ ಆಕೆಯ ಸ್ಥಾನ ದೊಡ್ಡದು. ರೂಪದರ್ಶಿ ಎಂದರೆ ಬರಿಯ ಮೈ ಎಂದುಕೊಂಡವರಿಗೆ ಆಕೆಯ ಬಾಳು ಒಂದು ಉತ್ತರ. ರೋದಾಂನ ಎದುರು ನಿಂತವರಲ್ಲಿ ತಾವೂ ನೋಡಬಲ್ಲವರು ಇದ್ದರು. ಅಂಥವಳೊಬ್ಬಳ ಹೆಸರಾದರೂ ನಮಗೆ ಉಳಿದಿದೆ; ಉಳಿದವರ ರೇಖೆ ಮಾತ್ರ ಉಳಿದಿದೆ. ಚಿತ್ರದ ಚೆಲುವು ಈ ಲೆಕ್ಕವನ್ನು ತೀರಿಸುವುದಿಲ್ಲ; ಈ ಲೆಕ್ಕ ಚಿತ್ರದ ಚೆಲುವನ್ನು ಅಳಿಸುವುದೂ ಇಲ್ಲ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ನೋಡುವುದೇ ಪ್ರಾಮಾಣಿಕವಾದ ನೋಟ.

ಬಟ್ಟೆ ತೊಟ್ಟ ಮೈಯನ್ನೂ ರೋದಾಂ ಇದೇ ಆಸಕ್ತಿಯಿಂದ ಬರೆದ ಎಂಬುದು ಇಲ್ಲಿ ಗಮನಿಸಬೇಕಾದದ್ದು. 1906ರ ಜುಲೈನಲ್ಲಿ ಕಾಂಬೋಡಿಯಾದ ರಾಜ ಸಿಸೊವಾತ್ ಫ್ರಾನ್ಸಿಗೆ ಬಂದಾಗ ಆತನ ಅರಮನೆಯ ನರ್ತಕಿಯರೂ ಬಂದಿದ್ದರು. ಜುಲೈ 10ರಂದು ಪ್ಯಾರಿಸ್ಸಿನಲ್ಲಿ ಅವರ ನೃತ್ಯ ನೋಡಿದ ರೋದಾಂ ಮರುಳಾದ. ಅವರು ಮಾರ್ಸೇ ಬಂದರಿಗೆ ಹೊರಟಾಗ, ಅರವತ್ತೈದರ ಮುದುಕ, ಇದ್ದ ಕೆಲಸ ಬಿಟ್ಟು ಅವರ ಹಿಂದೆಯೇ ಹೋದ. ಕೆಲವೇ ದಿನಗಳಲ್ಲಿ ಸುಮಾರು 150 ಚಿತ್ರಗಳು. ಆ ಹುಡುಗಿಯರ ಬೆರಳುಗಳು ಹಿಂದಕ್ಕೆ ಬಾಗುವ ಬಗೆ, ತೋಳಿನ ಅಲೆ, ಮಡಿಚಿದ ಮೊಣಕಾಲು ಇವುಗಳಿಗಾಗಿ ಆತ ಕಾದು ಕುಳಿತ. ಆ ಹಾಳೆಗಳಲ್ಲಿ ನಗ್ನತೆಯಿಲ್ಲ. ಆದರೆ ರೇಖೆ ಅದೇ, ಬೆರಗು ಅದೇ. ನೂರು ವರ್ಷಗಳ ಬಳಿಕ, 2006ರಲ್ಲಿ, ಇವುಗಳಲ್ಲಿ ಕೆಲವು ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್ ನಗರದಲ್ಲಿ ಪ್ರದರ್ಶನಗೊಂಡವು. ಆತ ಹುಡುಕುತ್ತಿದ್ದದ್ದು ಬೆತ್ತಲೆಯನ್ನೇ ಎನ್ನುವವರಿಗೆ ಈ ಚಿತ್ರಗಳನ್ನು ತೋರಿಸಬೇಕು. ಆತ ಹುಡುಕುತ್ತಿದ್ದದ್ದು ಚಲನೆಯನ್ನು. ಬಟ್ಟೆ ಅಡ್ಡವಾದಲ್ಲಿ ಬಟ್ಟೆ ತೆಗೆಸಿದ, ಅಡ್ಡವಾಗದಲ್ಲಿ ಉಳಿಸಿಕೊಂಡ.

ನಮ್ಮ ದೇಶಕ್ಕೂ ಈ ಹುಡುಕಾಟದ ಒಂದು ಎಳೆ ಬಂದು ಮುಟ್ಟುತ್ತದೆ. ಮದರಾಸು ಸಂಗ್ರಹಾಲಯದಲ್ಲಿರುವ ತಿರುವಾಲಂಗಾಡಿನ ಕಂಚಿನ ನಟರಾಜನ ಛಾಯಾಚಿತ್ರಗಳು ವಿಕ್ತೊರ್ ಗೊಲುಬೆವ್ ಎಂಬ ವಿದ್ವಾಂಸನ ಮೂಲಕ ರೋದಾಂನ ಕೈಗೆ ಬಂದವು. 1913ರಲ್ಲಿ ಆತ ಅವುಗಳ ಮೇಲೆ ಒಂದು ಬರಹ ಬರೆದ. ಆತ ತೀರಿಕೊಂಡ ಮೇಲೆ, 1921ರಲ್ಲಿ, ಆನಂದ ಕುಮಾರಸ್ವಾಮಿ ಮತ್ತು ಹ್ಯಾವೆಲ್ ಅವರ ಲೇಖನಗಳ ಜೊತೆಗೆ ಅದು ಅಚ್ಚಾಯಿತು. ರೋದಾಂ ಭಾರತವನ್ನು ನೋಡಿದವನಲ್ಲ, ಶೈವಾಗಮ ಓದಿದವನಲ್ಲ. ವಿಗ್ರಹದ ಮೈಯನ್ನು ಮಾತ್ರ ನೋಡಿದ; ಕಾಲಿನ ನಿಲುವು, ಎದೆಯ ಉಸಿರು, ಬೆನ್ನಿನ ಹರಿವು. ಶಾಸ್ತ್ರಬಲ್ಲವರಿಗೆ ಅದು ಅಪೂರ್ಣವೆನಿಸಬಹುದು. ಆದರೆ ಮುಟ್ಟಬಾರದ ದೇವರ ಮೈಯನ್ನೂ, ಕೂಲಿಗೆ ಬಂದ ಹೆಂಗಸಿನ ಮೈಯನ್ನೂ ಒಂದೇ ಶ್ರದ್ಧೆಯಿಂದ ನೋಡಿದ ಕಣ್ಣು ಅದು ಎಂಬುದನ್ನು ಮರೆಯಬಾರದು.

ಈ ಚಿತ್ರಗಳ ಇನ್ನೊಂದು ದುರದೃಷ್ಟ, ನಕಲಿಗಳದು. ಗೀಚಿದಂತೆ ಕಾಣುವುದನ್ನು ತಾನೂ ಗೀಚಬಹುದೆಂದು ಅನೇಕರಿಗೆ ಅನಿಸಿತು. ರೋದಾಂನ ಶಿಷ್ಯನೆಂದು ಹೇಳಿಕೊಂಡ ಅರ್ನ್‌ಸ್ಟ್ ಡ್ಯೂರಿಗ್ ಎಂಬವನು ಬರೆದ ನಕಲಿಗಳು ಸಂಗ್ರಹಾಲಯಗಳನ್ನೂ ಸೇರಿಬಿಟ್ಟಿದ್ದವು. 1971ರಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಪ್ರದರ್ಶನದ ಸಂದರ್ಭದಲ್ಲಿ ಆಲ್ಬರ್ಟ್ ಎಲ್ಸನ್ ಮತ್ತು ಕರ್ಕ್ ವಾರ್ನೆಡೊ ಎಂಬ ವಿದ್ವಾಂಸರು ಅಸಲಿ ಯಾವುದು, ನಕಲಿ ಯಾವುದು ಎಂಬುದನ್ನು ಬಿಡಿಸಿ ತೋರಿಸಿದರು. ನಕಲು ಮಾಡುವವನಿಗೆ ಒಂದು ಕಷ್ಟವಿದೆ. ಆತ ಕಾಗದ ನೋಡಲೇಬೇಕು. ಆತನ ಎದುರು ಉಸಿರಾಡುವ ಮನುಷ್ಯನಿಲ್ಲ, ಇನ್ನೊಬ್ಬನ ಚಿತ್ರವಿದೆ. ರೇಖೆ ಆಗ ಸೌಂದರ್ಯವನ್ನು ಅನುಕರಿಸುತ್ತದೆ, ನೋಟವನ್ನಲ್ಲ.

ಕೊನೆಯದಾಗಿ ಒಂದು ಮಾತು. ಈ ಚಿತ್ರಗಳು ಎದುರಿಗೆ ಬಂದಾಗ, ಪುಸ್ತಕದಲ್ಲಾಗಲಿ ಪ್ರದರ್ಶನದಲ್ಲಾಗಲಿ, ಪುಟ ಮಗುಚುವ ಅವಸರವೂ ಬೇಡ, ತಜ್ಞರಂತೆ ತಲೆದೂಗುವ ಅವಸರವೂ ಬೇಡ. ಒಂದು ರೇಖೆಯನ್ನು ಆರಿಸಿಕೊಳ್ಳಿ. ಭುಜದಿಂದ ಹೊರಟು, ಬೆನ್ನಿನ ಮೇಲೆ ಇಳಿದು, ಸೊಂಟದಲ್ಲಿ ತಿರುಗಿ, ಕಾಲಿನವರೆಗೆ ಅದು ಹೋಗುವ ದಾರಿಯಲ್ಲಿ ನಿಧಾನವಾಗಿ ಕಣ್ಣನ್ನು ನಡೆಸಿ. ಎಲ್ಲಿ ಕಡ್ಡಿ ಒತ್ತಿದೆ, ಎಲ್ಲಿ ಹಗುರಾಗಿದೆ, ಎಲ್ಲಿ ತಡವರಿಸಿ ಮತ್ತೆ ಹೊರಟಿದೆ ಎಂದು ನೋಡಿ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯಳನ್ನು ಕಣ್ಣು ಕೀಳದೆ ನೋಡಿದ ಕೆಲವು ಕ್ಷಣಗಳು ಅಲ್ಲಿವೆ. ಆಕೆ ಯಾರು ಎಂಬ ಪ್ರಶ್ನೆಯೂ ಆಗ ನಿಮ್ಮಲ್ಲಿ ಹುಟ್ಟಿದರೆ, ಆ ಚಿತ್ರವನ್ನು ನೀವು ಸರಿಯಾಗಿಯೇ ನೋಡಿದ್ದೀರಿ ಎಂದು ತಿಳಿಯಬಹುದು.